ಬೃಂದಾವನ್ ಎಕ್ಸ್‌ಪ್ರೆಸ್ ಎಷ್ಟು ಗಂಟೆಗೆ ಹೊರಡುತ್ತೆ?

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ನನ್ನದೊಂದು ಖಾಯಂ ಜೋಕು ಇತ್ತು. ನನಗೆ ಐದರಿಂದ ಏಳನೇ ಕ್ಲಾಸಿನ ತನಕ ಇಂಗ್ಲಿಷ್ ಕಲಿಸಿದ ಮೇಷ್ಟ್ರ ಮಿಮಿಕ್ರಿ ಅದು. "ಹೀ ಈಸ್, ಶೀ ಈಸ್, ಇಟ್ ಈಸ್, ಐ ಯಾಮ್, ವೀ ಆರ್, ಯೂ ಆರ್, ದೇ ಆರ್" ಅಂತ ಮಗ್ಗಿಯ ರಾಗದಲ್ಲಿ ಹೇಳೋದು, ನಡುವೆ ಬೆತ್ತದಿಂದ ಟೇಬಲ್ಲಿಗೆ ತಾಳ ಹಾಕೋದು, ಕೊನೆಗೆ ಜೇಬಿನಿಂದ ಪೆನ್ನು ತೆಗೆದು "ದಿಸ್ ಈಸ್ ಎ ಪೆನ್" ಅಂತ ಇಡೀ ಊರಿಗೆ ಕೇಳೋ ಹಾಗೆ ಘೋಷಿಸೋದು. ಟೀಮಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗೋರು. ಹಳ್ಳಿಯಿಂದ ಬಂದವರಿಗೆ ಇಂಥ ಜೋಕು ಒಂಥರಾ ಗುರಾಣಿ ಇದ್ದ ಹಾಗೆ. ಬೇರೆಯವರು ನಮ್ಮ ಇಂಗ್ಲಿಷಿಗೆ ನಗುವ ಮೊದಲೇ ನಾವೇ ನಗಿಸಿಬಿಟ್ಟರೆ ಮುಗೀತಲ್ಲ!

ಆದರೆ ಜೋಕಿನ ಹಿಂದೆ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಂಗ್ಲಿಷಿನಲ್ಲಿ ಒಳ್ಳೆ ಅಂಕ ಬಂದಿತ್ತು. ಆಕ್ಟಿವ್ ವಾಯ್ಸ್ ಕೊಟ್ಟರೆ ಪ್ಯಾಸಿವ್ ಮಾಡುತ್ತಿದ್ದೆ, ಹನ್ನೆರಡು ಟೆನ್ಸುಗಳ ಟೇಬಲ್ಲನ್ನು ನಿದ್ದೆಯಲ್ಲೂ ಬರೆಯುತ್ತಿದ್ದೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವಾರ, ಬೆಳಗಿನ ಮೀಟಿಂಗಿನಲ್ಲಿ "ನಿನ್ನೆ ಏನು ಮಾಡಿದೆ?" ಅಂತ ಕೇಳಿದಾಗ ಮಾತ್ರ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ತಲೆಯೊಳಗೆ ಪಾಸ್ಟ್ ಟೆನ್ಸಿನ ಟೇಬಲ್ಲು ಓಡ್ತಾ ಇತ್ತು. ಯಾವ ಸಾಲು, ಯಾವ ಕಾಲಮ್ಮು ಅಂತ ಹುಡುಕೋಷ್ಟರಲ್ಲಿ ಮ್ಯಾನೇಜರು ಮುಂದಿನವನಿಗೆ ಹೋಗಿಯಾಗಿತ್ತು. ಆವತ್ತು ಸಂಜೆ ಪಿಜಿ ರೂಮಿನಲ್ಲಿ ಕೂತು ಮೇಷ್ಟ್ರಿಗೆ ಮನಸಾರೆ ಬೈದುಕೊಂಡಿದ್ದೆ.

ಹೋದ ದಸರೆಗೆ ಊರಿಗೆ ಹೋದಾಗ ಅದೇ ಮೇಷ್ಟ್ರು ಸಿಕ್ಕರು. ನಮ್ಮದು ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿ. ಮೇಷ್ಟ್ರು ರಿಟೈರಾಗಿ ಬಹಳ ವರ್ಷ ಆಗಿದೆ. ನಮ್ಮಣ್ಣನ ಮಗಳು ಆರನೇ ಕ್ಲಾಸು, ಸರ್ಕಾರಿ ಶಾಲೆ. ಜಗುಲಿ ಮೇಲೆ ಕೂತು ಅದೇ ರಾಗದಲ್ಲಿ "ಹೀ ಈಸ್, ಶೀ ಈಸ್" ಶುರು ಮಾಡಿದ್ದಳು. ನಾನು ನಗುತ್ತಾ, "ಸಾರ್, ನಮಗೂ ಹಿಂಗೇ ಕಲಿಸಿದ್ರಿ, ಮಾತಾಡೋಕೆ ಮಾತ್ರ ಕಲಿಸಲಿಲ್ಲ ನೋಡ್ರಿ" ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಂಗ ಯಾರು ಕಲಿಸಿದ್ರು ಅಂತ ಎಂದಾರ ಕೇಳಿಯೇನಪ್ಪ? ಹತ್ತು ದಿನದ ಟ್ರೇನಿಂಗು. ಹನ್ನೊಂದನೇ ದಿನ ನಿಮ್ಮಂಥ ನಲವತ್ತು ಹುಡುಗರ ಮುಂದ ನಿಂದರಿಸಿದ್ರು" ಅಂದರು.

ಆ ಮಾತು ಬೆಂಗಳೂರಿನ ತನಕ ನನ್ನ ಜೊತೆ ಬಸ್ಸಿನಲ್ಲಿ ಬಂತು. ಒಂದು ಪ್ರೋಗ್ರಾಮಿನಲ್ಲಿ ಬಗ್ ಇದ್ದರೆ ಕೊನೆಯ ಸಾಲಿಗೆ ಬೈದು ಪ್ರಯೋಜನ ಇಲ್ಲ, ಅದನ್ನು ಯಾವ ಫಂಕ್ಷನ್ ಕರೆಯಿತು, ಆ ಫಂಕ್ಷನ್ನನ್ನು ಇನ್ಯಾವುದು ಕರೆಯಿತು ಅಂತ ಹಿಂದಕ್ಕೆ ಹೋಗಬೇಕು. ಹಾಗೆ ಹಿಂದಕ್ಕೆ ಹೋದಾಗ ಸಿಕ್ಕ ಕತೆ ಇದು.

ಕತೆ ನಮ್ಮ ಜಿಲ್ಲೆಯಿಂದಲೇ ಶುರುವಾಗುತ್ತದೆ ಅನ್ನೋದು ನನಗೂ ಆಶ್ಚರ್ಯ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ ಅಂತ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಕಳಿಸಿದರು. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅದರಲ್ಲಿ 235 ಕನ್ನಡ ಶಾಲೆ, 226 ತೆಲುಗು, ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷ್ ಶಾಲೆ? ಇಡೀ ಜಿಲ್ಲೆಗೆ ಒಂದು.

ಕ್ಯಾಂಪ್‌ಬೆಲ್ ಬರೆದ ಇನ್ನೊಂದು ಸಂಗತಿ ಇನ್ನೂ ಮುಖ್ಯ. ಮಕ್ಕಳು ಪದ್ಯಗಳನ್ನು ಸರಾಗವಾಗಿ ಒಪ್ಪಿಸುತ್ತಾರೆ, ಆದರೆ ಅದು ಹಳೆಯ ಕಾವ್ಯಭಾಷೆ, ಅದರ ಅರ್ಥ ಅವರಿಗೂ ಗೊತ್ತಿಲ್ಲ, ಬಹಳ ಸಲ ಕಲಿಸುವವರಿಗೂ ಗೊತ್ತಿಲ್ಲ ಅಂತ ಅವರು ದೂರಿದ್ದರು. ಅಂದರೆ ಬಾಯಿಪಾಠ ಬ್ರಿಟಿಷರು ತಂದದ್ದಲ್ಲ. ಅಮರಕೋಶ, ಮಗ್ಗಿ, ಪದ್ಯ ಎಲ್ಲವನ್ನೂ ಮೊದಲು ಗಂಟಲಿಗೆ ಇಳಿಸು, ಅರ್ಥ ಆಮೇಲೆ ಬರುತ್ತೆ ಅನ್ನೋದು ನಮ್ಮ ಐಗಳ ಮಠಗಳ ಹಳೆಯ ಕ್ರಮ. ಪುಸ್ತಕ ಅಪರೂಪವಾಗಿದ್ದ ಕಾಲದಲ್ಲಿ ನೆನಪೇ ಪುಸ್ತಕ. ಇದರಲ್ಲಿ ತಪ್ಪೇನೂ ಇರಲಿಲ್ಲ. ಸಂಜೆ ಪುರಾಣದಲ್ಲಿ, ಬಯಲಾಟದಲ್ಲಿ ಅದೇ ಮಾತು ಮತ್ತೆ ಕಿವಿಗೆ ಬೀಳುತ್ತಿತ್ತು. ಅರ್ಥ ತಡವಾಗಿಯಾದರೂ ಊರಿನೊಳಗೇ ಸಿಗುತ್ತಿತ್ತು. ಇಂಗ್ಲಿಷಿಗೆ ಆ ಬಯಲಾಟ ಇರಲಿಲ್ಲ. ಅದೇ ಮುಂದಿನ ಎರಡು ನೂರು ವರ್ಷದ ಸಮಸ್ಯೆ.

ಅದೇ ಕಾಲದಲ್ಲಿ ಅದೇ ಬಳ್ಳಾರಿಯಲ್ಲಿ ಇದರ ತಿರುಗುಮುರುಗು ಕೆಲಸವೂ ನಡೀತಿತ್ತು. ಲಂಡನ್ ಮಿಷನ್ನಿನ ವಿಲಿಯಂ ರೀವ್ ಅಲ್ಲಿ ಕೂತು ಕನ್ನಡ ಕಲಿತರು. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಮುಂದೆ 1894ರಲ್ಲಿ ಬಂದ ಕಿಟೆಲ್ ನಿಘಂಟು ನಮಗೆಲ್ಲ ಗೊತ್ತೇ ಇದೆ. ಈ ಜನ ವ್ಯಾಕರಣ ಓದಿದರು, ಪದಗಳ ಪಟ್ಟಿ ಮಾಡಿಕೊಂಡರು, ನಿಜ. ಆದರೆ ದಿನ ಬೆಳಗಾದರೆ ಅವರ ಸುತ್ತ ಕನ್ನಡವೇ. ಹಾಲಿನವನ ಜೊತೆ, ಮುನ್ಶಿಯ ಜೊತೆ, ಬೀದಿಯಲ್ಲಿ ನಿಂತ ಜನರ ಜೊತೆ ಅದೇ ಭಾಷೆಯಲ್ಲಿ ಏಗಬೇಕಿತ್ತು. ಅವರ ಪಾಲಿಗೆ ವ್ಯಾಕರಣ, ಕೇಳಿದ ಮಾತನ್ನು ಜೋಡಿಸಿಡುವ ಕಪಾಟು. ನಮ್ಮ ಮಕ್ಕಳಿಗೆ ಮುಂದೆ ಸಿಕ್ಕಿದ್ದು ಬರೀ ಕಪಾಟು. ಒಳಗಿಡೋಕೆ ಬಟ್ಟೆಯೇ ಇರಲಿಲ್ಲ.

ಇಂಗ್ಲಿಷ್ ನಮ್ಮ ಊರುಗಳಿಗೆ ಹೇಗೆ ಬಂತು ಅಂದರೆ ಎಲ್ಲರೂ 1835ರ ಮೆಕಾಲೆಯ ಹೆಸರು ಹೇಳ್ತಾರೆ. ಆದರೆ ಕ್ಲಾಸ್‌ರೂಮಿನ ಮಟ್ಟಿಗೆ ನನಗೆ ಇನ್ನೆರಡು ವರ್ಷಗಳು ಹೆಚ್ಚು ಮುಖ್ಯ ಅನ್ನಿಸುತ್ತವೆ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಗೆ ಇಂಗ್ಲಿಷ್ ಓದಿದವರಿಗೆ ಆದ್ಯತೆ ಅಂತ ಹೊರಡಿಸಿದರು. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದವು, ಅವುಗಳ ಬಾಗಿಲಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ನಿಂತಿತು. ನೌಕರಿಯ ಆಸೆ ಒಂದು ಕಡೆ, ಪರೀಕ್ಷೆಯ ಭಯ ಇನ್ನೊಂದು ಕಡೆ. ಇವೆರಡರ ನಡುವೆ ಭಾಷೆ ಸಿಕ್ಕಿಕೊಂಡರೆ ಏನಾಗುತ್ತೆ? ಸುಲಭವಾಗಿ ಅಳೆಯಬಹುದಾದ್ದನ್ನೇ ಕಲಿಸೋದು ಶುರುವಾಗುತ್ತೆ. ಮಾತನ್ನು ಅಳೆಯೋದು ಕಷ್ಟ. ವ್ಯಾಕರಣದ ನಿಯಮ, ಸ್ಪೆಲ್ಲಿಂಗು, ಅನುವಾದ ಇವನ್ನು ಕೆಂಪು ಪೆನ್ನಿನಲ್ಲಿ ಅಳೆಯೋದು ಸಲೀಸು.

ಆ ವ್ಯಾಕರಣ ಪುಸ್ತಕಗಳಾದರೂ ಯಾರಿಗಾಗಿ ಬರೆದಿದ್ದು? ನನಗೆ ಕಣ್ಣು ತೆರೆಸಿದ ಪ್ರಶ್ನೆ ಇದು. ಹತ್ತೊಂಬತ್ತನೇ ಶತಮಾನದುದ್ದಕ್ಕೂ ಇಂಗ್ಲಿಷ್ ಜಗತ್ತನ್ನು ಆಳಿದ ವ್ಯಾಕರಣ ಲಿಂಡ್ಲಿ ಮರ್‍ರೇ ಎಂಬಾತನದ್ದು, 1795ರದು. ಅಮೆರಿಕ ಬಿಟ್ಟು ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ನೆಲೆಸಿದ್ದ ಆತ ಅದನ್ನು ಬರೆದದ್ದು ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗೆ. ಅಂದರೆ ಹುಟ್ಟಿನಿಂದ ಇಂಗ್ಲಿಷ್ ಮಾತಾಡುವ ಹುಡುಗಿಯರು ತಿದ್ದಿತೀಡಿದ ಇಂಗ್ಲಿಷ್ ಬರೆಯಲಿ ಅಂತ. ನಮ್ಮಲ್ಲಿ ಇವತ್ತಿಗೂ ಅಂಗಡಿಯಲ್ಲಿ ಸಿಗುವ ರೆನ್ ಅಂಡ್ ಮಾರ್ಟಿನ್ ತಗೊಳ್ಳಿ. ಅದರ ಪಿ. ಸಿ. ರೆನ್ ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವರೂ ಅವರೇ. ಅವರ ವ್ಯಾಕರಣ ಮೊದಲು ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಬಂದದ್ದು ಅಂತ ಹೇಳ್ತಾರೆ. ಆ ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇಂಗ್ಲಿಷಿನಲ್ಲೇ ಜಗಳ ಆಡುತ್ತಿದ್ದವರು.

ನಮ್ಮ ಕೇಶಿರಾಜನ ಉದಾಹರಣೆಯನ್ನೇ ನೋಡಿ. 13ನೇ ಶತಮಾನದ ಶಬ್ದಮಣಿದರ್ಪಣ ಅದ್ಭುತ ವ್ಯಾಕರಣ. ಆದರೆ ಅದು ಕನ್ನಡ ಬಾರದವನಿಗೆ ಕನ್ನಡ ಕಲಿಸುವ ಪುಸ್ತಕ ಅಲ್ಲ, ಕನ್ನಡ ಬಲ್ಲವನಿಗೆ ಕಾವ್ಯಭಾಷೆಯ ಹದ ತೋರಿಸುವ ಕನ್ನಡಿ. ಒಬ್ಬ ಬಿಹಾರಿ ಹುಡುಗ ಬೆಂಗಳೂರಿಗೆ ಬಂದು "ಅಣ್ಣಾ, ಕನ್ನಡ ಕಲಿಸು" ಅಂದರೆ ನಾವು ಅವನ ಕೈಗೆ ಶಬ್ದಮಣಿದರ್ಪಣ ಕೊಡ್ತೀವಾ? "ಊಟ ಆಯ್ತಾ?" ಅಂತ ಕಲಿಸ್ತೀವಿ. ನಮ್ಮ ಮಕ್ಕಳ ಕೈಗೆ ಮಾತ್ರ ಬಲ್ಲವರಿಗಾಗಿ ಬರೆದ ಪುಸ್ತಕ ಕೊಟ್ಟು, ಬಾರದವರು ಅದರಿಂದ ಕಲೀಲಿ ಅಂತ ಕೂತೆವು. ಒಂದು ಸಲವೂ ಪ್ರೋಗ್ರಾಮ್ ಬರೆದು ನೋಡದವನಿಗೆ ಕಂಪೈಲರಿನ ಮ್ಯಾನ್ಯುಯಲ್ ಬಾಯಿಪಾಠ ಮಾಡಿಸಿದ ಹಾಗೆ.

ಇದು ಸರಿ ಇಲ್ಲ ಅಂತ ಮೊದಲೇ ಗುರುತಿಸಿದವರೂ ಇದ್ದರು. ಅವರಲ್ಲಿ ನನಗೆ ಬಹಳ ಇಷ್ಟವಾದವರು ಮೈಕೆಲ್ ವೆಸ್ಟ್. ಢಾಕಾದ ಶಿಕ್ಷಕರ ಕಾಲೇಜಿನಲ್ಲಿದ್ದ ಈ ಇಂಗ್ಲಿಷಿನವರು 1920ರ ದಶಕದಲ್ಲಿ ಬಂಗಾಳದ ಹುಡುಗರನ್ನು ನೋಡಿ ತುಂಬಾ ನೇರವಾದ ಪ್ರಶ್ನೆ ಕೇಳಿದರು. ಬಹಳ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಶಾಲೆ ಬಿಡುತ್ತಾರೆ. ಹಾಗೆ ಬಿಟ್ಟ ದಿನ ಅವರ ಕೈಯಲ್ಲಿ ಏನು ಉಳಿದಿರುತ್ತೆ? ಇದಕ್ಕೆ ಅವರು ಬಳಸಿದ ಪದ ಇನ್ಶೂರೆನ್ಸಿನದು: 'ಸರೆಂಡರ್ ವ್ಯಾಲ್ಯೂ'. ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ವಾಪಸ್ ಬರುವ ದುಡ್ಡು ಇದೆಯಲ್ಲ, ಅದೇ. ಹತ್ತು ವರ್ಷ ಓದಿ ಮುಗಿಸಿದವನಿಗೆ ಮಾತ್ರ ಫಲ ಕೊಡುವ ಪಾಠ, ನಡುವೆ ಬಿಟ್ಟವನಿಗೆ ಸೊನ್ನೆ. ನಮ್ಮೂರಲ್ಲಿ ನನ್ನ ಜೊತೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತು ಏಳಕ್ಕೆ ಶಾಲೆ ಬಿಟ್ಟು ಹತ್ತಿ ಬಿಡಿಸೋಕೆ ಹೋದ ಗೆಳೆಯರ ಮುಖಗಳು ಈ ಪದ ಓದಿದಾಗ ಸಾಲಾಗಿ ಕಣ್ಣ ಮುಂದೆ ಬಂದವು. ಅವರ ಮೂರು ವರ್ಷದ ಇಂಗ್ಲಿಷಿನ ಸರೆಂಡರ್ ವ್ಯಾಲ್ಯೂ "ಹೀ ಈಸ್, ಶೀ ಈಸ್".

ವೆಸ್ಟ್ ಕಂಡುಕೊಂಡ ಉತ್ತರ ಪದಗಳಲ್ಲಿತ್ತು. ಆಗಿನ ರೀಡರುಗಳಲ್ಲಿ ಜನ ಮಾತಿನಲ್ಲಿ ಬಳಸದ ಹಳೆಯ ಸಾಹಿತ್ಯದ ಪದಗಳು ತುಂಬಿದ್ದವು, ಅದೂ ಒಂದೇ ಪುಟದಲ್ಲಿ ಗುಂಪುಗುಂಪಾಗಿ. ಮಗು ಪ್ರತಿ ಸಾಲಿಗೂ ಎಡವುತ್ತಿತ್ತು. ವೆಸ್ಟ್ ಎರಡು ಕೆಲಸ ಮಾಡಿದರು. ಅಪರೂಪದ ಪದ ತೆಗೆದು ಹೆಚ್ಚು ಬಳಕೆಯ ಪದ ಹಾಕಿದರು. ಹೊಸ ಪದಗಳನ್ನು ದೂರದೂರಕ್ಕೆ ಹಂಚಿ, ಒಮ್ಮೆ ಬಂದದ್ದು ಕತೆಯೊಳಗೆ ಮತ್ತೆ ಮತ್ತೆ ಬರುವ ಹಾಗೆ ಮಾಡಿದರು. ಹೊಲದಲ್ಲಿ ಬೀಜ ಊರುವಾಗ ಒಂದೇ ಕಡೆ ಸುರಿಯಲ್ಲವಲ್ಲ, ಹಾಗೆ. ಈ ದಾರಿಯಲ್ಲೇ ಮುಂದೆ ಹೋಗಿ 1953ರಲ್ಲಿ ಅವರ ಪ್ರಸಿದ್ಧ 'ಜನರಲ್ ಸರ್ವಿಸ್ ಲಿಸ್ಟ್' ಹೊರಬಂತು. ಅದರಲ್ಲಿದ್ದದ್ದು ಸುಮಾರು 2,000 ಪದಗಳು. ಬಳಕೆಯ ಲೆಕ್ಕವನ್ನೂ ಇಟ್ಟುಕೊಂಡು, ಕಲಿಯುವವರಿಗೆ ಎಷ್ಟು ಉಪಯೋಗ ಅಂತಲೂ ನೋಡಿ ಆರಿಸಿದ್ದು. ಒಂದೊಂದು ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ಇವತ್ತು ನಾವು ಡೇಟಾ ಅನಾಲಿಟಿಕ್ಸ್ ಅಂತ ಜಂಬ ಪಡೋ ಕೆಲಸವನ್ನು ಆ ಕಾಲದವರು ಕೈಯಲ್ಲಿ ಎಣಿಸಿ ಮಾಡಿದ್ದರು.

ಸ್ವಾತಂತ್ರ್ಯ ಬಂತು. ಈಗ ಇಂಗ್ಲಿಷ್ ಮೇಲ್ವರ್ಗದ ಹುಡುಗರಿಗೆ ಮಾತ್ರ ಅಲ್ಲ, ಹಳ್ಳಿ ಹಳ್ಳಿಯ ಮಕ್ಕಳಿಗೂ ಕಲಿಸಬೇಕು. ಕಲಿಸೋರು ಯಾರು? ಅವರಿಗೆ ಕಲಿಸೋರು ಯಾರು? 1950ರ ದಶಕದಲ್ಲಿ ಇದಕ್ಕೆ ಬಂದ ಉತ್ತರವೇ 'ಸ್ಟ್ರಕ್ಚರಲ್' ಪದ್ಧತಿ. ವ್ಯಾಕರಣದ ನಿಯಮ ಹೇಳಬೇಡಿ, ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ವಸ್ತು ತೋರಿಸಿ, ಬಾಯಲ್ಲಿ ಹೇಳಿಸಿ, ಮತ್ತೆ ಮತ್ತೆ ಹೇಳಿಸಿ. ಇದು ಹಳೆಯದಕ್ಕಿಂತ ಒಳ್ಳೆಯದೇ. ಮಕ್ಕಳ ಬಾಯಿ ತೆರೆಸಿತು. ನಮ್ಮ ಮೇಷ್ಟ್ರ "ದಿಸ್ ಈಸ್ ಎ ಪೆನ್" ಬಂದದ್ದು ಇಲ್ಲಿಂದ! ನಾನು ನಕ್ಕ ಆ ಪೆನ್ನು ಎತ್ತಿ ಹಿಡಿಯುವ ಅಭಿನಯ ಅವರ ಪೆದ್ದುತನ ಅಲ್ಲ. ಅದು ಆ ಕಾಲದ ಅತ್ಯಾಧುನಿಕ ಬೋಧನಾ ವಿಧಾನ.

1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂದವು. ಮದ್ರಾಸಿನಲ್ಲಿ ಇನ್ನೂ ದೊಡ್ಡ ಸಾಹಸ ಒಂದು ನಡೆಯಿತು. ಸುಮಾರು 27,000 ಶಿಕ್ಷಕರಿಗೆ ಮರು ತರಬೇತಿ ಕೊಡುವ ಯೋಜನೆ. ಅಷ್ಟು ಜನಕ್ಕೆ ನೇರವಾಗಿ ಕಲಿಸೋಕಾಗುತ್ತಾ? ಅದಕ್ಕೆ ಕೆಲವರಿಗೆ ಕಲಿಸಿ, ಅವರು ಇನ್ನಷ್ಟು ಜನಕ್ಕೆ ಕಲಿಸಿ, ಅವರು ಮತ್ತಷ್ಟು ಜನಕ್ಕೆ. 'ಮದ್ರಾಸ್ ಸ್ನೋಬಾಲ್' ಅಂತಲೇ ಅದಕ್ಕೆ ಹೆಸರು ಬಂತು. ಹಿಮವನ್ನೇ ಕಾಣದ ಸೀಮೆಯಲ್ಲಿ ಹಿಮದ ಉಂಡೆ! ಐಡಿಯಾ ಜಾಣತನದ್ದು. ಆದರೆ ಜೆರಾಕ್ಸಿನ ಜೆರಾಕ್ಸು ತೆಗೆಯುತ್ತಾ ಹೋದರೆ ಅಕ್ಷರ ಮಸುಕಾಗುವಂತೆ, ಕೈಯಿಂದ ಕೈಗೆ ಹೋಗುವಾಗ 'ಏನು ಮಾಡಬೇಕು' ಅನ್ನೋದು ಉಳಿಯುತ್ತೆ, 'ಯಾಕೆ' ಅನ್ನೋದು ಉದುರುತ್ತೆ. ಪೆನ್ನು ಎತ್ತಿ ಹಿಡಿಯಬೇಕು ಅನ್ನೋದು ನಮ್ಮ ಮೇಷ್ಟ್ರ ತನಕ ತಲುಪಿತು. ಮಗುವಿಗೆ ಪೆನ್ನಿನ ಬಗ್ಗೆ ಹೇಳೋಕೆ ನಿಜವಾಗಿ ಏನಾದರೂ ಇರಬೇಕು ಅನ್ನೋದು ತಲುಪಲಿಲ್ಲ. ಅವರ ಹತ್ತು ದಿನದ ಟ್ರೇನಿಂಗು ಇಂಥದ್ದೇ ಯಾವುದೋ ಉಂಡೆಯ ಕೊನೆಯ ಉರುಳು ಇರಬೇಕು.

ಯೋಚನೆ ಮಾಡಿ, "ಇದು ಪೆನ್ನು" ಅಂತ ನಾವು ಜೀವನದಲ್ಲಿ ಯಾರಿಗೆ ಹೇಳ್ತೀವಿ? ಎದುರಿಗಿರುವವನಿಗೆ ಕಣ್ಣಿದೆ, ಪೆನ್ನು ಕಾಣ್ತಿದೆ. ವಾಕ್ಯ ವ್ಯಾಕರಣಬದ್ಧ, ಆದರೆ ಅದರ ಅಗತ್ಯ ಯಾರಿಗೂ ಇಲ್ಲ. ಅಗತ್ಯ ಇಲ್ಲದ ಮಾತು ನಾಲಿಗೆಯ ಮೇಲೆ ಹೊರಳುತ್ತೆ, ತಲೆಯೊಳಗೆ ನೆಲೆಸಲ್ಲ.

ಈ ಅನುಮಾನವನ್ನು ಗಟ್ಟಿಯಾಗಿ ಕೇಳಿ, ಪ್ರಯೋಗ ಮಾಡಿ ನೋಡಿದ್ದು ಯಾರು, ಎಲ್ಲಿ ಅಂತ ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಎನ್. ಎಸ್. ಪ್ರಭು, ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದವರು. ಊರು ನಮ್ಮ ಬೆಂಗಳೂರು. 1979ರಲ್ಲಿ ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ವಿಚಾರಗೋಷ್ಠಿಯಿಂದ ಶುರುವಾಗಿ 1984ರ ತನಕ, ಬೆಂಗಳೂರು, ಮದ್ರಾಸ್, ಕಡಲೂರು, ತಲಶ್ಶೇರಿ ಮುಂತಾದ ಕಡೆಯ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ನಡೆದ ಈ ಪ್ರಯೋಗಕ್ಕೆ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಇರುವ ಹೆಸರು 'ಬೆಂಗಳೂರು ಪ್ರಾಜೆಕ್ಟ್'. ಐಟಿ ಬರುವ ಮೊದಲೇ ಬೆಂಗಳೂರಿನ ಹೆಸರು ಹೊತ್ತು ಹೊರದೇಶಕ್ಕೆ ಹೋದ ಒಂದು ಪ್ರಾಜೆಕ್ಟು!

ಪ್ರಭು ಅವರ ವಾದ ಸರಳ. ವ್ಯಾಕರಣ ಬೇಡ ಅಂತ ಅಲ್ಲ. ವ್ಯಾಕರಣ ಬರುತ್ತೆ, ಆದರೆ ಮನಸ್ಸು ಅರ್ಥದ ಮೇಲೆ ನೆಟ್ಟಾಗ, ನಮಗೇ ಗೊತ್ತಿಲ್ಲದ ಹಾಗೆ ಒಳಗೆ ಕಟ್ಟಿಕೊಳ್ಳುತ್ತೆ. ಹಾಗಾಗಿ ಇವತ್ತು ಈ ಟೆನ್ಸು, ನಾಳೆ ಆ ವಾಯ್ಸು ಅನ್ನುವ ಪಟ್ಟಿಯನ್ನೇ ಅವರು ಪಕ್ಕಕ್ಕಿಟ್ಟರು. ಅದರ ಬದಲು ಕ್ಲಾಸಿಗೆ ತಂದದ್ದು ಬಿಡಿಸಬೇಕಾದ ಲೆಕ್ಕಗಳು. ಭೂಪಟ, ವೇಳಾಪಟ್ಟಿ, ಬೆಲೆಪಟ್ಟಿ, ದಾರಿ ಹುಡುಕುವುದು, ದೂರ ಲೆಕ್ಕ ಹಾಕುವುದು.

ರೈಲ್ವೆ ವೇಳಾಪಟ್ಟಿಯ ಪಾಠವನ್ನೇ ನೋಡಿ. ಬೋರ್ಡಿನ ಮೇಲೆ ಬೃಂದಾವನ್ ಎಕ್ಸ್‌ಪ್ರೆಸ್ಸಿನಂಥ ಮಕ್ಕಳಿಗೆ ಗೊತ್ತಿರುವ ರೈಲಿನ ಸಮಯ. ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳ್ತಾರೆ: ಎಷ್ಟು ಗಂಟೆಗೆ ಹೊರಡುತ್ತೆ? ಮುಂದಿನ ಸ್ಟೇಷನ್ನಿಗೆ ಎಷ್ಟು ಹೊತ್ತು? ಅಲ್ಲಿ ಎಷ್ಟು ನಿಮಿಷ ನಿಲ್ಲುತ್ತೆ? ಮೊದಲು ಇಡೀ ಕ್ಲಾಸು ಸೇರಿ ಬಾಯಲ್ಲಿ ಬಿಡಿಸುತ್ತೆ. ಆಮೇಲೆ ಅಂಥದ್ದೇ ಇನ್ನೊಂದು ಪಟ್ಟಿ, ಈಗ ಪ್ರತಿ ಮಗು ಒಂಟಿಯಾಗಿ ಬಿಡಿಸಬೇಕು. ಒಂದೇ ಪದದ ಉತ್ತರ ಬಂದರೂ ಉತ್ತರ ಸರಿ ಇದ್ದರೆ ಸರಿ. ತಪ್ಪು ಇಂಗ್ಲಿಷ್ ಬಂದರೆ ಪಾಠ ನಿಲ್ಲಿಸಿ ನಿಯಮ ಹೇಳಲ್ಲ. ಅದೇ ಮಾತನ್ನು ಮೇಷ್ಟ್ರು ಸರಿಯಾಗಿ ಒಂದು ಸಲ ಹೇಳಿ ಮುಂದೆ ಹೋಗ್ತಾರೆ, ಮನೆಯಲ್ಲಿ ಅಮ್ಮ ಮಾಡೋ ಹಾಗೆ. ಲೆಕ್ಕ ಎಷ್ಟು ಕಷ್ಟ ಇರಬೇಕು ಅನ್ನೋದಕ್ಕೂ ಒಂದು ಅಳತೆ ಇತ್ತು. ಕ್ಲಾಸಿನ ಕನಿಷ್ಠ ಅರ್ಧ ಮಕ್ಕಳಿಗೆ ಕನಿಷ್ಠ ಅರ್ಧ ಲೆಕ್ಕ ಸರಿ ಬರಬೇಕು. ತೀರಾ ಸುಲಭ ಆದರೆ ಬೇಜಾರು, ತೀರಾ ಕಷ್ಟ ಆದರೆ ಭಯ.

ಇಲ್ಲಿ ಗಮನಿಸಿ. ಮಗು ಯೋಚಿಸ್ತಾ ಇರೋದು ರೈಲಿನ ಬಗ್ಗೆ. ಹೊರಡುತ್ತೆ, ಹೊರಟಿತು, ಹೊರಟಿದ್ದರೆ ಅನ್ನುವ ರೂಪಗಳೆಲ್ಲ ಕಿಟಕಿಯಾಚೆ ಗಿಡಮರ ಸರಿದ ಹಾಗೆ ಸರೀತಾ ಇವೆ. ಪದಗಳೂ ಅಷ್ಟೇ. 'ಲೇಟು', 'ಬಿಫೋರು', 'ಆಫ್ಟರು' ಅನ್ನುವುದು ಪಟ್ಟಿಯಿಂದ ಬರಲಿಲ್ಲ, ಉತ್ತರಕ್ಕೆ ಬೇಕಾಯ್ತು ಅಂತ ಬಂತು.

ಫಲಿತಾಂಶ? ಆಲನ್ ಬೆರೆಟ್ಟಾ ಮತ್ತು ಆಲನ್ ಡೇವಿಸ್ ಎಂಬ ಹೊರಗಿನವರು ಬಂದು ಪರೀಕ್ಷೆ ಮಾಡಿ 1985ರಲ್ಲಿ ವರದಿ ಪ್ರಕಟಿಸಿದರು. ವಾಕ್ಯದ ಅಚ್ಚುಗಳನ್ನೇ ಅಳೆಯುವ ಹಳೆ ಮಾದರಿಯ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ಮಕ್ಕಳು ಮುಂದಿದ್ದರು. ಆದರೆ ಒಂದು ಸಂದರ್ಭದೊಳಗೆ ವ್ಯಾಕರಣ ಬಳಸುವುದು, ಕೇಳಿ ಬರೆಯುವುದು ಇಂಥವುಗಳಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು. ಯಾರು ವ್ಯಾಕರಣವನ್ನು ಪಾಠವಾಗಿ ಓದಲೇ ಇಲ್ಲವೋ ಅವರು! ಪರೀಕ್ಷಕರು ಎಚ್ಚರಿಕೆಯ ಮಾತನ್ನೂ ಹೇಳಿದರು. ಎರಡೂ ಗುಂಪಿನ ಮಕ್ಕಳನ್ನು, ಶಿಕ್ಷಕರನ್ನು ಚೀಟಿ ಎತ್ತಿ ಆರಿಸಿದ್ದಲ್ಲ, ಹಾಗಾಗಿ ಇದೇ ಕೊನೆಯ ತೀರ್ಪು ಅಂತ ತಗೋಬೇಡಿ ಅಂತ. 1987ರಲ್ಲಿ ಪ್ರಭು ಅವರ ಪುಸ್ತಕ ಆಕ್ಸ್‌ಫರ್ಡಿನಿಂದ ಬಂತು. ಇವತ್ತು ಜಗತ್ತಿನ ಎಲ್ಲೇ ಆಗಲಿ 'ಟಾಸ್ಕ್' ಆಧಾರಿತ ಭಾಷಾಬೋಧನೆ ಅಂತ ಯಾರಾದರೂ ಓದಿದರೆ ಬೆಂಗಳೂರಿನ ಹೆಸರು ಬಂದೇ ಬರುತ್ತೆ.

ಹಾಗಾದರೆ ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ದೂರದ ನಮ್ಮ ಶಾಲೆಗೆ ಅದು ಯಾಕೆ ಬರಲಿಲ್ಲ? ನಾನು ಐದನೇ ಕ್ಲಾಸು ಸೇರುವಷ್ಟರಲ್ಲಿ ಆ ಪ್ರಯೋಗ ಮುಗಿದು ವರ್ಷಗಳೇ ಆಗಿದ್ದವು. ಸಿಟ್ಟು ಬರುತ್ತೆ ಅಲ್ಲವಾ? ನನಗೂ ಬಂತು. ಆದರೆ ಉತ್ತರವೂ ಅಲ್ಲೇ ಇತ್ತು. ಪ್ರಯೋಗದಲ್ಲಿ ಪಾಠ ಮಾಡಿದವರಲ್ಲಿ ಹದಿನೈದು ಜನರ ಅನುಭವವನ್ನು ಬೆರೆಟ್ಟಾ ಮುಂದೆ 1990ರಲ್ಲಿ ಪರಿಶೀಲಿಸಿದರು. ಹೊರಗಿನಿಂದ ಬಂದ, ಹೆಚ್ಚು ತರಬೇತಿಯಾದವರಿಗೆ ಈ ವಿಧಾನ ಒಗ್ಗಿತ್ತು. ಆಯಾ ಶಾಲೆಯ ಖಾಯಂ ಶಿಕ್ಷಕರು ಕಷ್ಟಪಟ್ಟಿದ್ದರು. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಮಗು ಏನು ಉತ್ತರ ಕೊಡುತ್ತೋ ಅದಕ್ಕೆ ತಕ್ಕ ಹಾಗೆ, ಪುಸ್ತಕದಲ್ಲಿ ಇಲ್ಲದ ಇಂಗ್ಲಿಷನ್ನು ಅಲ್ಲೇ ನಿಂತು ಮಾತಾಡಬೇಕು. "ಹೀ ಈಸ್, ಶೀ ಈಸ್" ಆದರೆ ಬೋರ್ಡಿನ ಮೇಲೆ ಬರೆದಿಟ್ಟುಕೊಳ್ಳಬಹುದು. ಟೇಬಲ್ಲು ಅನ್ನೋದು ಮಕ್ಕಳಿಗೆ ಮಾತ್ರ ಅಲ್ಲ, ಮೇಷ್ಟ್ರಿಗೂ ಊರುಗೋಲು. ತನಗೇ ಯಾರೂ ಮಾತಾಡಿಸದ ಭಾಷೆಯಲ್ಲಿ ನಲವತ್ತು ಮಕ್ಕಳನ್ನು ಮಾತಾಡಿಸಬೇಕಾದ ಮನುಷ್ಯನ ಕೈಯಿಂದ ಊರುಗೋಲು ಕಿತ್ತುಕೊಂಡು "ಓಡು" ಅಂದರೆ ಅವನು ಏನು ಮಾಡಬೇಕು? ಪ್ರಭು ಕೂಡ ಒಂದೇ ಒಂದು ಶ್ರೇಷ್ಠ ವಿಧಾನ ಅಂತ ಇಲ್ಲ, ಕಲಿಸುವವನಿಗೆ ತಾನು ಮಾಡುತ್ತಿರುವುದರಲ್ಲಿ ಜೀವಂತ ನಂಬಿಕೆ ಇರಬೇಕು ಅನ್ನುವ ಅರ್ಥದ ಲೇಖನವನ್ನು ಅದೇ 1990ರಲ್ಲಿ ಬರೆದರು.

ಇನ್ನೊಂದು ಕಾಕತಾಳೀಯ ಇದೆ. ಬೆಂಗಳೂರು ಪ್ರಾಜೆಕ್ಟ್ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ, 1981ರಲ್ಲಿ ಗೋಕಾಕ್ ವರದಿ ಬಂತು, 1982ರಲ್ಲಿ ಚಳವಳಿ ಬೀದಿಗೆ ಇಳಿಯಿತು. ಶಾಲೆಯಲ್ಲಿ ಯಾವ ಭಾಷೆ ಮೊದಲು ಅನ್ನೋದು ಆಗಿನ ಪ್ರಶ್ನೆ, ನ್ಯಾಯವಾದ ಪ್ರಶ್ನೆ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದಾಗಲೂ ಚರ್ಚೆ ಎಲ್ಲ 'ಯಾವಾಗಿನಿಂದ' ಅನ್ನೋದರ ಸುತ್ತಲೇ. ಯಾವ ಭಾಷೆ, ಯಾವ ವಯಸ್ಸಿಗೆ ಅಂತ ನಾವು ಬಹಳ ಜಗಳ ಆಡಿದ್ದೀವಿ. ಹೇಗೆ, ಮತ್ತು ಕಲಿಸುವವರಿಗೆ ಯಾರು ಕಲಿಸ್ತಾರೆ ಅನ್ನೋದರ ಬಗ್ಗೆ ಅಷ್ಟೇ ಜೋರಾಗಿ ಜಗಳ ಆಡಿದ್ದರೆ ಚೆನ್ನಾಗಿತ್ತು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದ ನಮ್ಮಣ್ಣನ ಮಗಳು ಆರನೇ ಕ್ಲಾಸಿನಲ್ಲಿ ಹಾಡುತ್ತಿರುವುದು, ಐದರಿಂದ ಶುರು ಮಾಡಿದ ನಾನು ಹಾಡಿದ ಅದೇ ಹಾಡು.

ವ್ಯಾಕರಣವನ್ನು ಗುಡಿಸಿ ಹೊರಹಾಕಿ ಅಂತ ನಾನು ಹೇಳ್ತಾ ಇಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಮಾತಾಡಿ, ಮೇಲ್ ಬರೆದು, ಬೈಸಿಕೊಂಡ ಮೇಲೆ ಮೇಷ್ಟ್ರ ಟೆನ್ಸ್ ಟೇಬಲ್ಲು ನನಗೆ ನಿಜಕ್ಕೂ ಉಪಯೋಗಕ್ಕೆ ಬಂತು. ಆಗ ಕಪಾಟಿನಲ್ಲಿಡೋಕೆ ಬಟ್ಟೆ ಇತ್ತು. ನನ್ನ ತಪ್ಪು ಎಲ್ಲಿದೆ ಅಂತ ನಾನೇ ಹುಡುಕಿಕೊಂಡೆ. ಅವರು ಕೊಟ್ಟದ್ದು ಸುಳ್ಳಲ್ಲ, ಸರದಿ ಮಾತ್ರ ಹಿಂದುಮುಂದಾಗಿತ್ತು.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಸಮಯದ ಬೋರ್ಡು ಇದೆ. ಅದರ ಫೋಟೋ ತೆಗೆದುಕೊಂಡು ಬಂದು ಜಗುಲಿಯ ಮೇಲೆ ಇಟ್ಟೆ. ಮೇಷ್ಟ್ರನ್ನೂ ಕರೆದಿದ್ದೆ. "ಸಾರ್, ನಾನು ಕೇಳಲ್ಲ, ನೀವೇ ಕೇಳಿ" ಅಂದೆ. ಅವರು ಕನ್ನಡಕ ಏರಿಸಿ, ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ, ಗಂಟಲು ಸರಿ ಮಾಡಿಕೊಂಡು, ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು. ಅಜ್ಜಿ ಹತ್ತು ಗಂಟೆಗೆ ಬಳ್ಳಾರಿ ಆಸ್ಪತ್ರೆಯಲ್ಲಿರಬೇಕು. ಯಾವ ಬಸ್ಸಿಗೆ ಹೋಗಬೇಕು?

ಹುಡುಗಿ ಬೆರಳು ಮಡಚಿ ಎಣಿಸಿದಳು. "ಸೆವೆನ್ ಫಾರ್ಟಿ ಬಸ್ ಗೋ. ಎಯ್ಟ್ ತರ್ಟಿ ಬಸ್ ನೋ. ಅಜ್ಜಿ ಲೇಟ್" ಅಂದಳು. ಮೇಷ್ಟ್ರ ಕೈ ಅಭ್ಯಾಸಬಲದಿಂದ ಬೆತ್ತ ಹುಡುಕಿದ ಹಾಗೆ ಒಂದು ಸಲ ಅಲುಗಾಡಿತು. ಆಮೇಲೆ ಅವರು ಮೆತ್ತಗೆ, "ಯೆಸ್. ಇಫ್ ಶೀ ಗೋಸ್ ಬೈ ದಿ ಎಯ್ಟ್ ತರ್ಟಿ ಬಸ್, ಶೀ ವಿಲ್ ಬಿ ಲೇಟ್" ಅಂದು, ಮುಂದಿನ ಪ್ರಶ್ನೆಗೆ ಹೋದರು. ಅರ್ಧ ಗಂಟೆ ಆದ ಮೇಲೂ ಇಬ್ಬರೂ ಏಳಲಿಲ್ಲ. ಕೊನೆ ಕೊನೆಗೆ ಅವಳೇ ಅವರಿಗೆ ಪ್ರಶ್ನೆ ಕೇಳ್ತಾ ಇದ್ದಳು.

ಬೆಂಗಳೂರಿಗೆ ವಾಪಸಾದ ಮೇಲೆ ಊಟದ ಟೇಬಲ್ಲಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ, "ಸಾರ್, ನಿಮ್ಮ ಇಂಗ್ಲಿಷ್ ಮೇಷ್ಟ್ರ ಜೋಕು ಮಾಡಿ ತೋರಿಸ್ತೀರಂತೆ, ಒಂದ್ಸಲ ಮಾಡಿ" ಅಂದ. ಅವನೂ ಯಾವುದೋ ಹಳ್ಳಿಯಿಂದ ಬಂದವನು, ಬೆಳಗಿನ ಮೀಟಿಂಗಿನಲ್ಲಿ ಅವನ ಬಾಯಿ ಕಟ್ಟುವುದನ್ನು ನಾನು ಗಮನಿಸಿದ್ದೆ. ಜೋಕು ಮರೆತುಹೋಗಿದೆ ಅಂದೆ. ಆಮೇಲೆ ಅವನ ತಟ್ಟೆ ಪಕ್ಕಕ್ಕೆ ನನ್ನ ತಟ್ಟೆ ಎಳೆದುಕೊಂಡು, ಊರಿಗೆ ಹೋಗೋಕೆ ಅವನು ಯಾವ ಬಸ್ಸು ಹಿಡೀತಾನೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ.